ಪಂಪಣ್ಣ ಮಾಸ್ತರರ ಎದುರಿನ ಖಾಲಿ ಕುರ್ಚಿ

ಕೊಪ್ಪಳ ಸೀಮೆಯಲ್ಲಿ ಇಂಗ್ಲಿಷ್ ಕಲಿಸಿದವರು ಹಲವರು. ಆ ಭಾಷೆಯಲ್ಲಿ ನಮ್ಮ ಜನರ ಮಾನ ಕಾಯ್ದವರು ಪೂಜ್ಯ ಪಂಪಣ್ಣ ಮಾಸ್ತರರೊಬ್ಬರೇ ಎಂದರೆ ಉಳಿದವರೂ ಮುನಿಯಲಾರರು. ೧೯೩೧ರಲ್ಲಿ ಕುಷ್ಟಗಿಯ ಶಾಲೆಗೆ ಬಂದ ದಿನದಿಂದ ಈ ವರ್ಷ, ೧೯೪೯ರಲ್ಲಿ, ಕೊಪ್ಪಳದಲ್ಲಿ ನಿವೃತ್ತರಾಗುವವರೆಗೆ ಅವರದು ಹಗಲು ಪಾಠ, ಸಂಜೆ ಪರರ ಕಾಗದ. ರೈಲ್ವೆಯವರಿಗೋ ಫೌಜಿನ ಕಚೇರಿಗೋ ಬರೆಸುವವರೆಲ್ಲ ಅವರ ಪಡಸಾಲೆಗೇ ಬರುತ್ತಿದ್ದರು.

ಬೆಗ್, ರಿಕ್ವೆಸ್ಟ್, ಆಸ್ಕ್, ಮೂರೂ ಕೇಳುವ ಮಾತುಗಳೇ. ಯಾವುದನ್ನು ಬರೆಯಬೇಕೆಂದು ತಿಳಿಯಲು ಮಾಸ್ತರರು ನಿಘಂಟು ತೆರೆಯುತ್ತಿರಲಿಲ್ಲ. ಬರೆಸಲು ಬಂದವರಿಗೆ ಖಾಲಿ ಕುರ್ಚಿಯೊಂದನ್ನು ತೋರಿಸಿ, ಸಾಹೇಬರು ಅದರಲ್ಲಿ ಕುಳಿತಿದ್ದಾರೆಂದು ಭಾವಿಸಿ ನಿಂತು ಹೇಳಿರಿ ಎನ್ನುತ್ತಿದ್ದರು; ಹೇಳುವ ಬಗೆ ನೋಡಿ ಪದ ಆರಿಸುತ್ತಿದ್ದರು. ತಪ್ಪೊಪ್ಪಿಕೊಳ್ಳುವವನಿಗೆ ಬೆಗ್, ಉಪಕಾರ ಬಯಸುವವನಿಗೆ ರಿಕ್ವೆಸ್ಟ್, ತನ್ನದನ್ನು ತಾನು ಕೇಳುವವನಿಗೆ ಆಸ್ಕ್. ಕುರ್ಚಿಗೆ ಕೈಮುಗಿಸುವ ಮಾಸ್ತರ ಎಂದು ಊರು ನಗಾಡಿತು; ನಕ್ಕವರೇ ಮರುವಾರ ಬಂದು ಕುರ್ಚಿಯ ಮುಂದೆ ನಿಂತರು.

೧೯೪೪ರಲ್ಲಿ ಅಳವಂಡಿಯ ಮುದುಕವ್ವ ಬಂದಳು. ಫೌಜಿಗೆ ಹೋದ ಮಗ ಹನಮಪ್ಪನ ಕಾಗದ ಎಂಟು ತಿಂಗಳಿಂದ ನಿಂತಿತ್ತು. ಬದುಕಿದ್ದಾನೋ ಇಲ್ಲವೋ ತಿಳಿಯದು. ಪರೀಕ್ಷೆಯ ಗಡಿಬಿಡಿ ಬೇರೆ. ಅಳುವ ತಾಯಿಯನ್ನು ಕುರ್ಚಿಯ ಮುಂದೆ ನಿಲ್ಲಿಸುವುದೇಕೆಂದು ಮಾಸ್ತರರು ತಾವೇ ಸಾಲಿಗೊಂದು ಬೆಗ್ ಹಾಕಿ, ಬಲು ದೀನವಾಗಿ ಬರೆದು ಕಳಿಸಿದರು. ಮೂರು ತಿಂಗಳಾದರೂ ಜವಾಬಿಲ್ಲ. ತಪ್ಪು ತಮ್ಮದೇ ಇರಬಹುದೆಂದು ಅವರಿಗೆ ಅನ್ನಿಸಿತು. ಆಕೆಯನ್ನು ಕರೆಸಿ ಕುರ್ಚಿಯ ಮುಂದೆ ನಿಲ್ಲಿಸಿದರು.

ಮುದುಕವ್ವ ಸೆರಗು ಹೊದ್ದು ನೆಟ್ಟಗೆ ನಿಂತಳು. “ಸಾಹೇಬ್ರ, ನಾ ಬೇಡಾಕ ಬಂದಿಲ್ರಿ. ನನ್ನ ಮಗನ್ನ ನಿಮ್ಮ ಕೈಯಾಗ ಕೊಟ್ಟೀನಿ. ಅವನ ಫೌಜಿನ ನಂಬರ ಎರಡು, ಏಳು, ನಾಕು, ಒಂದು, ಐದು. ಎಲ್ಲಿ ಅದಾನ, ಹೇಳ್ರಿ.”

ಮಾಸ್ತರರು ಬೆರಗಾದರು. ಅಕ್ಷರ ಬಾರದ ಆಕೆ ಮಗನ ಹಳೆಯ ಕಾಗದ ಓದಿಸಿಕೊಂಡಾಗ ಕೇಳಿದ ನಂಬರನ್ನು ದಿನವೂ ಬೀಸುವಾಗ ಹೇಳಿಕೊಳ್ಳುತ್ತಿದ್ದಳಂತೆ. ಮೊದಲ ಕಾಗದದಲ್ಲಿ ದೈನ್ಯವೆಲ್ಲ ಇತ್ತು, ನಂಬರೊಂದೇ ಇರಲಿಲ್ಲ. ಅವರು ಕೇಳಿಯೇ ಇರಲಿಲ್ಲ. ಮಾಸ್ತರರು ತಾವೂ ಎದ್ದರು. ನಿಂತುಕೊಂಡೇ ಆ ನಂಬರು ಬರೆದು, ಆಸ್ಕ್ ಎಂದು ಬರೆದರು. ಐದು ವಾರಕ್ಕೆ ಜವಾಬು ಬಂತು: ಹನಮಪ್ಪ ಆಸ್ಪತ್ರೆಯಲ್ಲಿದ್ದಾನೆ, ಗಾಯ ಮಾಯುತ್ತಿದೆ.

ಅಂದಿನಿಂದ ಮಾಸ್ತರರು ಯಾರ ಕಾಗದವನ್ನೂ ಕುಳಿತು ಬರೆದಿಲ್ಲ. ಇಂಥ ವಿನಯ ಇಷ್ಟು ವಿದ್ಯೆಯ ಜೊತೆ ಒಂದೇ ಮನೆಯಲ್ಲಿ ಬಾಳುವುದನ್ನು ಕಂಡರೆ ತಲೆ ತಾನಾಗಿ ಬಾಗುತ್ತದೆ.

ಮೊನ್ನೆ ಈ ಅಭಿನಂದನ ಸಂಪುಟದ ಸಮಿತಿಯವರು ಮಾಸ್ತರರನ್ನು ಆ ಕುರ್ಚಿಯಲ್ಲೇ ಕೂಡಿಸಿ ಎದುರು ನಿಂತರು. ಎಲ್ಲರ ಪರವಾಗಿ ಮುದುಕವ್ವ ಮಾತಾಡಿದಳು. “ನಿಮ್ಮ ಆಯುಷ್ಯ ದೇವರ ಕಡಿ ಬೇಡ್ತೀವ್ರಿ. ಇನ್ನೂ ಬರೀರಿ ಅಂತ ನಿಮ್ಮನ್ನ ಕೇಳ್ತೀವಿ.”

ಮಾಸ್ತರರು ಏಳಲು ಹೋದರು. ತಾಯಿಯ ಪಕ್ಕದಲ್ಲಿ ನಿಂತಿದ್ದ ಹನಮಪ್ಪ ಅವರ ಭುಜ ಹಿಡಿದು ಮತ್ತೆ ಕೂಡಿಸಿದ.