ಗೆರೆಮಾಮನ ಒಂದು ಮೊಳ

ಆಟದ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವವನನ್ನು ಯಾರೂ ನೋಡುವುದಿಲ್ಲ. ಇಪ್ಪತ್ತೆರಡು ಮಂದಿ ಓಡಾಡುತ್ತಾರೆ, ಒಬ್ಬ ಸೀಟಿ ಊದುತ್ತಾನೆ, ನೂರಾರು ಮಂದಿ ಮೆಟ್ಟಿಲ ಮೇಲೆ ಕೂತು ಗಂಟಲು ಹರಿದುಕೊಳ್ಳುತ್ತಾರೆ. ಅಷ್ಟೂ ಜನರ ಜಗಳ ನಡೆಯುವುದು ಮಾತ್ರ ಅವನು ಬೆಳಿಗ್ಗೆ ಎಳೆದು ಹೋದ ಗೆರೆಯ ಮೇಲೆಯೇ.

ಈ ಮೈದಾನದಲ್ಲಿ ಆ ಕೆಲಸ ಇಪ್ಪತ್ತಾರು ವರ್ಷದಿಂದ ಗೆರೆಮಾಮನದು. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಈಗ ಅದು ಹೆಂಡತಿಗೂ ತಟ್ಟನೆ ನೆನಪಾಗುವುದಿಲ್ಲ. ಪಂದ್ಯದ ದಿನ ಹುಲ್ಲಿನ ಇಬ್ಬನಿ ಆರುವ ಹೊತ್ತಿಗೆ ಅವನು ಸುಣ್ಣವನ್ನು ಜರಡಿ ಹಿಡಿದು, ತಳಕ್ಕೆ ತೂತು ಹೊಡೆದ ಡಬ್ಬಕ್ಕೆ ತುಂಬಿಕೊಂಡು ಬರುವನು. ಎರಡು ಗೂಟ ಹೊಡೆದು ನಡುವೆ ಹಗ್ಗ ಬಿಗಿದು, ಅದರ ಪಕ್ಕದಲ್ಲೇ ಡಬ್ಬ ತಟ್ಟುತ್ತಾ ಹಿಂದುಹಿಂದಕ್ಕೆ ನಡೆಯುವನು. ತಿರುಗಿ ನೋಡುವ ಅಭ್ಯಾಸವೇ ಇಲ್ಲ. ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಹಿಮ್ಮಡಿ ತಾನಾಗಿ ನಿಲ್ಲುತ್ತದೆ.

ಅಳತೆಗೆ ಅವನ ಬಳಿ ಒಂದು ಹತ್ತಿಯ ಹಗ್ಗವಿತ್ತು. ಅದರಲ್ಲಿ ಮೂರು ಗಂಟು. ಗೋಲಿನ ಗೆರೆಯಿಂದ ಮೊದಲ ಗಂಟಿಗೆ ಚಿಕ್ಕ ಬಾಕ್ಸು, ಎರಡನೆಯದಕ್ಕೆ ಪೆನಾಲ್ಟಿ ಹೊಡೆಯುವ ಚುಕ್ಕೆ, ಮೂರನೆಯದಕ್ಕೆ ದೊಡ್ಡ ಬಾಕ್ಸು. ಬಳಸಿ ಬಳಸಿ ಹಗ್ಗ ನಾರು ಬಿಟ್ಟಿತ್ತು. ಸೆಮಿಫೈನಲ್ಲಿನ ವಾರ ಕ್ಲಬ್ಬಿನ ಕಾರ್ಯದರ್ಶಿ ನೀಲಿ ಬಣ್ಣದ ಹೊಸ ನೈಲಾನ್ ಹಗ್ಗ ತಂದುಕೊಟ್ಟು, "ಮಾಮ, ಆ ಹಳೇದನ್ನ ಇನ್ನಾದ್ರೂ ಬಿಡಿ, ನೋಡೋಕಾಗಲ್ಲ" ಎಂದರು. ಗೆರೆಮಾಮ ಮನೆಯ ಜಗಲಿಯ ಮೇಲೆ ಎರಡೂ ಹಗ್ಗಗಳನ್ನು ಪಕ್ಕಪಕ್ಕ ಮಲಗಿಸಿ, ಹಳೆಯದರಲ್ಲಿ ಗಂಟು ಇದ್ದಲ್ಲೇ ಹೊಸದಕ್ಕೂ ಗಂಟು ಹಾಕಿದ. ಹಳೆಯದನ್ನು ಹೆಂಡತಿ ಬಟ್ಟೆ ಒಣಹಾಕಲು ಹಿತ್ತಲಲ್ಲಿ ಕಟ್ಟಿಕೊಂಡಳು. ಅಲ್ಲಿಗೆ ಆ ಕೆಲಸ ಮುಗಿಯಿತು ಎಂದುಕೊಂಡ.

ಭಾನುವಾರದ ಸೆಮಿಫೈನಲ್‌ನಲ್ಲಿ ನಮ್ಮವರು ಮೂರು-ಎರಡರಲ್ಲಿ ಗೆದ್ದರು. ಎದುರಿನವರ ಎರಡನೇ ಗೋಲು, ದೊಡ್ಡ ಬಾಕ್ಸಿನೊಳಗೆ ನಮ್ಮವನೊಬ್ಬ ಎದುರಾಳಿಯನ್ನು ಬೀಳಿಸಿದ ಎಂದು ಕೊಟ್ಟ ಪೆನಾಲ್ಟಿಯಿಂದ ಬಂತು. ಹಾಗಾಗಿ ಗೆದ್ದ ಮೇಲೂ ರೆಫರಿಯನ್ನು ಬೈಯುವ ಕೆಲಸ ಬಾಕಿ ಉಳಿಯಿತು.

ಮಂಗಳವಾರ ಗೆರೆಮಾಮ ಮೈದಾನದ ಗೇಟಿನ ಪಕ್ಕದ ಕಟಿಂಗ್ ಅಂಗಡಿಯಲ್ಲಿ ಮುಖಕ್ಕೆಲ್ಲ ನೊರೆ ಬಳಿಸಿಕೊಂಡು ಕುರ್ಚಿಗೆ ಒರಗಿದ್ದ. ಹಿಂದಿನ ಬೆಂಚಿನ ಮೇಲೆ ಇಬ್ಬರು: ನಿವೃತ್ತ ಬಸ್ ಡ್ರೈವರು, ಮತ್ತೆ ಎದುರು ಸಾಲಿನ ಕನ್ನಡಕದಂಗಡಿಯವರು.

"ಕಣ್ಣಿರೋ ಯಾವನಾದ್ರೂ ಅದಕ್ಕೆ ಪೆನಾಲ್ಟಿ ಕೊಡ್ತಾನಾ?" ಎಂದರು ಕನ್ನಡಕದವರು. "ನಾನು ಅಂಗಡಿ ಮುಂದೆ ಬೋರ್ಡೇ ಹಾಕಿದೀನಿ, ರೆಫರಿಗಳಿಗೆ ಕಣ್ಣಿನ ಪರೀಕ್ಷೆ ಉಚಿತ ಅಂತ."

"ಗೆದ್ದಿದ್ದೀವಲ್ಲ ಸಾರ್, ಬಿಡಿ ಪಾಪ," ಎಂದ ಕಟಿಂಗಿನವನು ಕತ್ತಿ ಒರೆಸುತ್ತಾ.

"ಗೆದ್ರೆ ಬೈಬಾರ್ದು ಅಂತ ಯಾವ ರೂಲು? ಸೋತಾಗ ಬೈಯೋಕೆ ಮನಸ್ಸೇ ಬರಲ್ಲ. ಗೆದ್ದಾಗ್ಲೇ ಆರಾಮಾಗಿ ಬೈಬೇಕು."

ಡ್ರೈವರು ಕೆಮ್ಮಿದರು. ಕೆಮ್ಮಿದರೆ ಮಾತು ಉದ್ದ ಇದೆ ಎಂದು ಅರ್ಥ. "ನಾನೊಂದು ಹೇಳ್ತೀನಿ, ನಗಬಾರ್ದು. ಎಷ್ಟು ವರ್ಷದಿಂದ ಮೂರನೇ ಮೆಟ್ಟಿಲಲ್ಲಿ ಅದೇ ಜಾಗದಲ್ಲಿ ಕೂರ್ತೀನಿ? ಅಲ್ಲಿಂದ ನೋಡಿದ್ರೆ ದೊಡ್ಡ ಬಾಕ್ಸಿನ ಗೆರೆ ನೆಟ್ಟಗೆ ಆಚೆ ಕಾಂಪೌಂಡಿನ ಲೈಟ್ ಕಂಬದ ಬುಡಕ್ಕೆ ಹೋಗಿ ಮುಟ್ಟುತ್ತೆ. ಭಾನುವಾರ ಮುಟ್ಟಲಿಲ್ಲ. ಕಂಬ ಬಿಟ್ಟು ಈಚೆ ಹೋಯ್ತು."

"ಕಂಬ ಬೇಸರ ಆಗಿ ಎದ್ದು ಹೋಗಿರ್ಬೇಕು," ಎಂದರು ಕನ್ನಡಕದವರು.

"ಹಂಗಲ್ಲ ಸಾರ್," ಎಂದ ಕಟಿಂಗಿನವನು, "ನಿವೃತ್ತಿ ಆದ್ಮೇಲೆ ಅಣ್ಣ ಸ್ವಲ್ಪ ಅಗಲ ಆಗಿದಾರೆ. ಕೂತ ಜಾಗದ ನಡು ಸರಿದಿದೆ."

ಅವನೂ ಕನ್ನಡಕದವರೂ ಹೊಟ್ಟೆ ಹಿಡಿದು ನಕ್ಕರು. ನೊರೆಯೊಳಗೆ ಗೆರೆಮಾಮ ಮಾತ್ರ ನಗಲಿಲ್ಲ. ಡ್ರೈವರು ಸುಮ್ಮನೆ ಮಾತಾಡುವ ಜಾತಿಯವರಲ್ಲ. ಮೂವತ್ತು ವರ್ಷ ಅಷ್ಟು ದೊಡ್ಡ ಬಸ್ಸನ್ನು ಇಕ್ಕಟ್ಟಿನ ಬೀದಿಗಳಲ್ಲಿ ಗೋಡೆಗೆ ತಾಗಿಸದೆ ಓಡಿಸಿದವರು.

"ರೆಫರಿ ಕತೆ ಹಾಳಾಗ್ಲಿ," ಎಂದರು ಕನ್ನಡಕದವರು. "ಫೈನಲ್ಲಿಗೆ ನಮ್ಮ ಡಿಫೆಂಡರ್ ಗೋಡೆಯನ್ನ ಕೋಚ್ ಕೈಬಿಡ್ಬೇಕು. ನಿಷ್ಠುರ ಆದ್ರೂ ಹೇಳ್ತೀನಿ. ಅವನ ಕಾಲು ಹೋಗಿದೆ."

ಕಟಿಂಗಿನವನು ಹುಬ್ಬು ಕುಣಿಸಿ ಏನೋ ಸನ್ನೆ ಮಾಡಿದ. ಇವರಿಗೆ ತಿಳಿಯಲಿಲ್ಲ.

"ಮೂವತ್ನಾಲ್ಕು ವರ್ಷ ಅವನಿಗೆ," ಎಂದರು ಡ್ರೈವರು. "ಹೋಗಿಲ್ಲ, ಕಾಲು ನಿಧಾನ ಆಗಿದೆ ಅಷ್ಟೇ."

"ಹೋಗಿದೆ ಅಂದ್ರೆ ಹೋಗಿದೆ!"

"ಎಲ್ಲೂ ಹೋಗಿಲ್ಲ ಸಾರ್. ಇಲ್ಲೇ ಇದಾವೆ, ಎರಡೂ," ಎಂದು ಕೈತೊಳೆಯುವ ಸಿಂಕಿನ ಕೆಳಗಿಂದ ಒಂದು ದನಿ ಬಂತು.

ಬೆಂಚಿನವರು ಬಗ್ಗಿ ನೋಡಿದರು. ಸಿಂಕಿನ ಅಡಿಯಿಂದ ಎರಡು ಉದ್ದನೆಯ ಕಾಲು ಚಾಚಿದ್ದವು. ಗೋಡೆ ಅಂದರೆ ನಮ್ಮ ತಂಡದ ಹಳೆಯ ಡಿಫೆಂಡರು; ಆಟವಿಲ್ಲದ ದಿನ ಮನೆಮನೆಯ ನಲ್ಲಿ, ಪೈಪು ರಿಪೇರಿ ಮಾಡುತ್ತಾನೆ. ಅವತ್ತು ಅಂಗಡಿಯ ಸೋರುವ ಪೈಪು ಬಿಗಿಯಲು ಬಂದಿದ್ದ. ಕನ್ನಡಕದವರು ತಮ್ಮ ಕನ್ನಡಕ ತೆಗೆದು ಒರೆಸತೊಡಗಿದರು, ಬೇರೇನೂ ತೋಚದೆ.

"ಬೈಯಿರಿ ಸಾರ್, ನನಗೂ ಹೊತ್ತು ಹೋಗುತ್ತೆ," ಎನ್ನುತ್ತಾ ಗೋಡೆ ನಗುನಗುತ್ತಲೇ ಹೊರಗೆ ಬಂದ. ತಲೆಯೆಲ್ಲ ಒದ್ದೆ. "ಗುರುವಾರ ಸಾಯಂಕಾಲ ಪಟ್ಟಿ ಓದ್ತಾರೆ. ನನ್ನ ಹೆಸರಿಲ್ಲ ಅಂತ ಕೋಚ್ ಆಗ್ಲೇ ಕರೆದು ಹೇಳಿದಾರೆ."

"ಇದೇ ಕೊನೇ ವರ್ಷ ಅಂದಿದ್ದೆ ಅಲ್ವೇನೋ?" ಎಂದರು ಡ್ರೈವರು.

"ಹೂಂ ಅಣ್ಣ. ಹದಿನಾಲ್ಕು ವರ್ಷ ಆಡಿದೆ, ಒಂದೂ ಫೈನಲ್ ಸಿಗಲಿಲ್ಲ. ಇದನ್ನೊಂದು ಆಡಿ ಬೂಟು ಬಿಚ್ಚಿಡೋಣ ಅಂತಿದ್ದೆ." ಅವನು ಸ್ಪ್ಯಾನರನ್ನು ಚೀಲಕ್ಕೆ ಹಾಕಿದ. "ಕೋಚ್ ಹೇಳೋದೂ ಸರೀನೇ. ಆ ಬಾಕ್ಸಿನ ಗೆರೆ ನಾನು ಯಾವತ್ತೂ ಕಣ್ಣಲ್ಲಿ ನೋಡಿದೋನಲ್ಲ, ಕಾಲಿಗೇ ಗೊತ್ತಿರ್ತಿತ್ತು. ಭಾನುವಾರ ಚೆಂಡು ತಡೆಯೋಕೆ ಜಾರಿದಾಗ್ಲೂ ಹೊರಗಿದೀನಿ ಅಂತ್ಲೇ ಜಾರಿದೆ. ಎದ್ದು ನೋಡಿದ್ರೆ ಒಂದು ಗೇಣು ಒಳಗೆ, ಪೆನಾಲ್ಟಿ. ಕಾಲೇ ಸುಳ್ಳು ಹೇಳೋಕೆ ಶುರು ಮಾಡಿದ್ಮೇಲೆ ಆಡೋದು ಹೆಂಗೆ?"

ಗೆರೆಮಾಮ ಕುರ್ಚಿಯಿಂದ ಎದ್ದೇಬಿಟ್ಟ.

"ಮಾಮ! ಇನ್ನೊಂದು ಕೆನ್ನೆ ಬಾಕಿ!"

"ಬಂದೆ, ಬಂದೆ," ಎನ್ನುತ್ತಾ ಕೊರಳ ಟವಲಿನ ಸಮೇತ ಬೀದಿಗೆ ಇಳಿದ.

ಮೈದಾನದ ಹಿಂದೆಯೇ ಅವನ ಎರಡು ಕೋಣೆಯ ಮನೆ. ಹಿತ್ತಲಲ್ಲಿ ಹೆಂಡತಿ ಆಗತಾನೆ ಹಾಸಿಗೆಯ ಬಟ್ಟೆಗಳನ್ನೆಲ್ಲ ಒಗೆದು ಹರವಿದ್ದಳು. ಗೆರೆಮಾಮ ನೇರ ಹೋಗಿ ಆ ಹಗ್ಗದ ತುದಿ ಬಿಚ್ಚತೊಡಗಿದ.

"ಅಯ್ಯೋ, ಒದ್ದೆ ಬಟ್ಟೆ ಕಣ್ರೀ! ಏನಾಗಿದೆ ನಿಮಗೆ? ಅದ್ಯಾಕೆ ಅರ್ಧ ಮುಖ ನೊರೆ?"

"ಆಮೇಲೆ ಹೇಳ್ತೀನಿ. ಬಾ, ಒಂದು ತುದಿ ಹಿಡ್ಕೊ."

ಬಟ್ಟೆಗಳನ್ನು ಜಗಲಿಯ ಮೇಲೆ ಗುಡ್ಡೆ ಹಾಕಿ ಆಕೆ ಗೊಣಗುತ್ತಲೇ ಮೈದಾನಕ್ಕೆ ಬಂದಳು. ಗೋಲಿನ ಗೆರೆಯ ಮೇಲೆ ತುದಿ ಒತ್ತಿ ಕೂತಳು. ಗೆರೆಮಾಮ ಹಳೆಯ ಹಗ್ಗವನ್ನು ಎಳೆದುಕೊಂಡು ಹೋದ. ಮೂರನೇ ಗಂಟು ಬಂತು. ಸುಣ್ಣದ ಗೆರೆ ಇನ್ನೂ ಮುಂದೆ ಇತ್ತು. ಮತ್ತೊಮ್ಮೆ ಅಳೆದ. ಆಗಲೂ ಅಷ್ಟೇ. ಹೆಂಡತಿ ಎದ್ದುಬಂದು ಗಂಟಿನ ಪಕ್ಕ ಮೊಣಕೈ ಊರಿ ಕೈ ಚಾಚಿದಳು. ನಡುಬೆರಳು ಸರಿಯಾಗಿ ಗೆರೆಗೆ ತಾಗಿತು.

"ಒಂದು ಮೊಳ," ಎಂದಳು.

ಗೋಡೆ ಜಾರಿದ ಗುರುತು ಹುಲ್ಲಿನಲ್ಲಿ ಇನ್ನೂ ಹಸಿಯಾಗಿತ್ತು. ಗಂಟಿಗೂ ಗೆರೆಗೂ ಸರಿಯಾಗಿ ನಡುವೆ. ಹಳೆಯ ಹಗ್ಗದ ಲೆಕ್ಕದಲ್ಲಿ ಅವನು ಹೊರಗೇ ಇದ್ದ.

ತಪ್ಪು ಎಲ್ಲಾಯಿತು ಎಂದು ತಿಳಿಯಲು ಗೆರೆಮಾಮನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಜಗಲಿಯ ಮೇಲೆ ನೈಲಾನ್ ಹಗ್ಗ ಸಡಿಲವಾಗಿ ಮಲಗಿತ್ತು. ಗಂಟು ಹಾಕಿದ್ದು ಆಗ. ಮೈದಾನದಲ್ಲಿ ಗೂಟಕ್ಕೆ ಕಟ್ಟಿ ಮೈಯೆಲ್ಲ ಬಲ ಹಾಕಿ ಬಿಗಿದಾಗ ಅದು ರಬ್ಬರಿನ ಹಾಗೆ ಜಗ್ಗಿತ್ತು. ಹತ್ತಿ ಹಗ್ಗಕ್ಕೆ ಪಳಗಿದ ಕೈ ಅದು, ನೈಲಾನಿನ ಬುದ್ಧಿ ತಿಳಿದಿರಲಿಲ್ಲ.

ಅವನು ಹುಲ್ಲಿನ ಮೇಲೆ ಕುಸಿದು ಕೂತ. "ಇಪ್ಪತ್ತಾರು ವರ್ಷ ಕಣೇ. ಗೆರೆ ಸೊಟ್ಟ ಅಂತ ಒಬ್ಬ ಅಂದಿಲ್ಲ."

"ಈಗ್ಲೂ ಅನ್ನಲ್ಲ ಬಿಡಿ. ನೆಟ್ಟಗೇ ಇದೆ. ಜಾಗ ತಪ್ಪಿದೆ ಅಷ್ಟೇ."

"ಫೈನಲ್ ದಿನ ಅಳಿಸಿ ಸರಿಯಾಗಿ ಎಳೆದುಬಿಟ್ರೆ ಯಾರಿಗೆ ಗೊತ್ತಾಗುತ್ತೆ?"

"ಯಾರಿಗೂ ಗೊತ್ತಾಗಲ್ಲ," ಎಂದಳು ಹೆಂಡತಿ, ಹಗ್ಗ ಸುತ್ತುತ್ತಾ. "ಆದ್ರೆ ಅವನ ಕಾಲು ಸುಳ್ಳು ಹೇಳಿಲ್ಲ ಅಂತ ಅವನಿಗೆ ಹೇಳೋರು ಯಾರು?"

ಬುಧವಾರ ಅವನು ಇನ್ನೊಂದು ಕೆನ್ನೆ ಬೋಳಿಸಿಕೊಳ್ಳುವ ನೆಪದಲ್ಲಿ ಹೇಳಿಬಿಡೋಣ ಎಂದು ಕಟಿಂಗ್ ಅಂಗಡಿಗೆ ಹೋದ. ಅಲ್ಲಿ ಕನ್ನಡಕದವರು ಕೂತಿದ್ದರು. ರೆಫರಿಯನ್ನು ಮೂರು ದಿನ ಬೈದವರ ಬಾಯಿಗೆ ಈಗ ತಾನು ಬೀಳಬೇಕಲ್ಲ ಎಂದು ಹಿಂಜರಿದ. ಕೆನ್ನೆ ನುಣ್ಣಗೆ ಮಾಡಿಸಿಕೊಂಡು ಹಾಗೇ ವಾಪಸ್ಸು ಬಂದ. ಹೆಂಡತಿ ಹಳೆಯ ಹಗ್ಗವನ್ನು ಹಿತ್ತಲಲ್ಲಿ ಮತ್ತೆ ಕಟ್ಟಿರಲಿಲ್ಲ. ಬಾಗಿಲ ಹಿಂದಿನ ಮೊಳೆಗೆ, ಅವನ ಕಣ್ಣಿಗೆ ಬೀಳುವ ಹಾಗೆ ನೇತುಹಾಕಿದ್ದಳು.

ಗುರುವಾರ ಸಾಯಂಕಾಲ ಆಟಗಾರರು ಹುಲ್ಲಿನ ಮೇಲೆ ಸುತ್ತ ಕೂತಿದ್ದರು. ಮೆಟ್ಟಿಲ ಮೇಲೆ ಡ್ರೈವರು, ಕನ್ನಡಕದವರು, ಅಂಗಡಿ ಮುಚ್ಚಿ ಬಂದ ಕಟಿಂಗಿನವನು. ಗೋಡೆ ಎಲ್ಲರಿಗಿಂತ ಹಿಂದೆ, ಕೆಲಸದ ಚೀಲ ಹೆಗಲಲ್ಲೇ ಇಟ್ಟುಕೊಂಡು ನಿಂತಿದ್ದ. ಕೋಚ್ ಜೇಬಿನಿಂದ ಚೀಟಿ ತೆಗೆದು ಗಂಟಲು ಸರಿಮಾಡಿಕೊಂಡರು.

"ಸಾರ್," ಎಂದ ಗೆರೆಮಾಮ. ಹೆಗಲ ಮೇಲೆ ಹಳೆಯ ಹಗ್ಗ. "ಓದೋ ಮುಂಚೆ ಒಂದು ಅಳತೆ ಇದೆ." ಮತ್ತೆ ಗೋಡೆಯ ಕಡೆ ತಿರುಗಿದ. "ನಿನ್ನ ಚೀಲದಲ್ಲಿ ಟೇಪ್ ಇದೆಯೇನಪ್ಪ? ಗೋಲಿನ ಗೆರೆಯಿಂದ ಬಾಕ್ಸಿನ ಗೆರೆಗೆ ಎಷ್ಟಿದೆ, ನೀನೇ ಅಳೆ."

ಗೋಡೆಗೆ ಏನೂ ಅರ್ಥವಾಗಲಿಲ್ಲ. ದೊಡ್ಡವರ ಮಾತು ತೆಗೆದುಹಾಕಲಾರದೆ ಮಂಡಿಯೂರಿದ. ಐದು ಮೀಟರಿನ ಟೇಪು. ಮೂರು ಸಲ ಪೂರ್ತಿ ಎಳೆದು, ನಾಲ್ಕನೇ ಸಲ ಗೆರೆಗೆ ಮುಟ್ಟಿಸಿ ಓದಿದ. "ಹದಿನಾರು... ತೊಂಬತ್ತೈದು."

"ಎಷ್ಟಿರ್ಬೇಕು ಸಾರ್?"

"ಹದಿನಾರೂವರೆ," ಎಂದರು ಕೋಚ್. ಚೀಟಿ ಹಿಡಿದ ಕೈ ಕೆಳಗಿಳಿಯಿತು.

"ಈಗ ನೀನು ಜಾರಿದ ಗುರುತಿಗೆ ಅಳೆ."

ಗೋಡೆ ಅಳೆದ. ಮತ್ತೆ ಗೋಲಿನ ಗೆರೆಯ ತನಕ ಹೋಗಿ ಇನ್ನೊಮ್ಮೆ ಅಳೆದುಕೊಂಡು ಬಂದ. ಮೂರನೇ ಸಲಕ್ಕೆ, "ಹದಿನಾರು ಎಪ್ಪತ್ತು" ಎಂದ, ತನ್ನ ಪಾದಗಳಿಗೆ ಹೇಳುವವನ ಹಾಗೆ. "ನಾನು ಹೊರಗೇ ಇದ್ದೆ."

"ಇದ್ದೆಯಪ್ಪ. ನಿನ್ನ ಕಾಲು ಸರಿಯಾಗೇ ಇತ್ತು. ರೆಫರಿ ಕಣ್ಣೂ ಸರಿಯಾಗೇ ಇತ್ತು. ತಪ್ಪಿದ್ದು ನನ್ನ ಹಗ್ಗ," ಎಂದು ಗೆರೆಮಾಮ ಜಗಲಿಯ ಕತೆಯನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದ.

ಆಮೇಲೆ ಡ್ರೈವರು ಮೂರನೇ ಮೆಟ್ಟಿಲಿನಿಂದ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಕೂಗಿದರು: "ಕಂಬ! ನಾನು ಹೇಳಲಿಲ್ವಾ, ಕಂಬ!"

ಅಲ್ಲಿಂದ ಶುರುವಾದ ನಗು ನಿಲ್ಲಲಿಲ್ಲ. "ಮಾಮ, ನಿಮ್ಮಿಂದ ನಮಗೊಂದು ಗೋಲು ಬಿತ್ತಲ್ಲ!" ಎಂದ ಕಟಿಂಗಿನವನು. "ತಾಳಿ, ತಾಳಿ," ಎಂದರು ಕನ್ನಡಕದವರು, "ಗೆರೆ ಹಿಂದೆ ಹೋಗಿದ್ರೆ ಪೆನಾಲ್ಟಿ ಚುಕ್ಕೇನೂ ಹಿಂದೆ ಹೋಗಿರ್ಬೇಕಲ್ಲ? ಅಷ್ಟು ದೂರದಿಂದ ಹೊಡೆದಿದ್ದನ್ನೂ ನಮ್ಮ ಗೋಲಿ ಹಿಡೀಲಿಲ್ವಾ? ಅವನನ್ನ ಮೊದಲು ಕಳಿಸ್ರಿ ನನ್ನ ಅಂಗಡಿಗೆ!" ಗೋಲು ಕಾಯುವವನು ಮುಖ ಮುಚ್ಚಿಕೊಂಡು ಹುಲ್ಲಿನ ಮೇಲೆ ಮಲಗಿಬಿಟ್ಟ. ಗೆರೆಮಾಮ ಎರಡು ದಿನದಿಂದ ಹೆದರಿದ್ದ ನಗು ಇದೇ. ಮೈಮೇಲೆ ಬಿದ್ದ ಮೇಲೆ ನೋಡಿದರೆ ಅದರಲ್ಲಿ ಮುಳ್ಳೇ ಇರಲಿಲ್ಲ. ಅವನಿಗೂ ನಗು ಬಂತು.

ಕೋಚ್ ನಗಲಿಲ್ಲ. ಗೋಡೆಯ ಹತ್ತಿರ ಹೋದರು. "ನಿಧಾನ ಅಂತ ನಿನ್ನ ಬಿಟ್ಟಿದ್ದಲ್ಲ ಕಣೋ. ನಿನಗೆ ಯಾವತ್ತೂ ವೇಗ ಇರಲಿಲ್ಲ. ಜಾಗದ ಅಂದಾಜು ಹೋಯ್ತು ಅಂತ ಬಿಟ್ಟೆ. ಗೆರೆಗಿಂತ ನಿನಗೇ ಸರಿಯಾಗಿ ಗೊತ್ತಿತ್ತು ಅಂದ್ಮೇಲೆ..." ಚೀಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ಹೆಸರು ಹೊಡೆದು ಇನ್ನೊಂದು ಬರೆದರು. ಜಾಗ ಕಳೆದುಕೊಂಡ ಹೊಸಬನ ಬೆನ್ನು ತಟ್ಟಿ, "ನಿನಗಿನ್ನೂ ಹತ್ತು ಫೈನಲ್ ಇದೆ" ಎಂದರು. ಅವನು ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ಆದರೂ ಗೋಡೆಯ ಕೈಯಿಂದ ಚೀಲ ಇಸಿದುಕೊಂಡ.

ಮರುದಿನ ಕನ್ನಡಕದಂಗಡಿಯ ಬೋರ್ಡಿನಲ್ಲಿ ರೆಫರಿಗಳ ಕೆಳಗೆ ಇನ್ನೊಂದು ಸಾಲು ಸೇರಿತ್ತು: ಗೆರೆ ಎಳೆಯುವವರಿಗೂ ಉಚಿತ.

ಭಾನುವಾರ, ಫೈನಲ್ಲಿನ ದಿನ, ಗೆರೆಮಾಮ ಹಳೆಯ ಹಗ್ಗದಲ್ಲೇ ಅಳೆದು ಗೆರೆ ಎಳೆದ. ಡ್ರೈವರು ಎಲ್ಲರಿಗಿಂತ ಮುಂಚೆ ಬಂದು ಮೂರನೇ ಮೆಟ್ಟಿಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿ, "ಮುಟ್ಟಿದೆ ಮಾಮ!" ಎಂದು ಕೂಗಿದರು. ಆಟ ಮುಗಿಯಲು ಐದು ನಿಮಿಷ ಇರುವಾಗ ನಮ್ಮವರು ಒಂದು ಗೋಲು ಮುಂದಿದ್ದರು. ಎದುರಿನವನೊಬ್ಬ ಚೆಂಡು ಹಿಡಿದು ಒಳಗೆ ನುಗ್ಗಿದ. ಗೋಡೆ ಕೆಳಗೆ ನೋಡದೆ ಜಾರಿದ. ಇಬ್ಬರೂ ಉರುಳಿದರು. ಸೀಟಿ ಮೊಳಗಿತು.

ಅದೇ ರೆಫರಿ. ಓಡಿಬಂದು ಬಗ್ಗಿ ನೋಡಿ ಗೆರೆಯ ಹೊರಗೆ ಬೆರಳು ತೋರಿಸಿದ. ಫ್ರೀ ಕಿಕ್. ಎದುರಿನ ಕಡೆಯ ಅಭಿಮಾನಿಗಳು ಎದ್ದು ನಿಂತು, "ಕಣ್ಣಿಲ್ವೇನಯ್ಯಾ ನಿನಗೆ!" ಎಂದು ಅಬ್ಬರಿಸಿದರು. ನಮ್ಮ ಮೆಟ್ಟಿಲುಗಳ ಮೇಲಿನವರು ಇದ್ದಕ್ಕಿದ್ದಂತೆ ರೆಫರಿಯ ವಕೀಲರಾದರು. ಕನ್ನಡಕದವರಂತೂ, "ಎಂಥ ಕಣ್ಣು! ನನ್ನ ಅಂಗಡಿಗೆ ಬರೋ ಅಗತ್ಯವೇ ಇಲ್ಲ!" ಎಂದು ಚಪ್ಪಾಳೆ ತಟ್ಟಿದರು. ಚೆಂಡು ಗೋಲಿನ ಮೇಲಿಂದ ಹಾರಿ ಕಾಂಪೌಂಡು ದಾಟಿತು.

ಪಂದ್ಯ ಗೆದ್ದ ಮೇಲೆ ಗೋಡೆ ಬಾಕ್ಸಿನ ಗೆರೆಯ ಪಕ್ಕದಲ್ಲೇ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ಬೇಗ ಬಿಚ್ಚಲು ಮನಸ್ಸಿಲ್ಲದವನ ಹಾಗೆ, ಒಂದೊಂದೇ ತೂತಿನಿಂದ. ಗೆರೆಮಾಮ ಗೂಟ, ಡಬ್ಬ ಎತ್ತಿಕೊಂಡು ಬಂದು ಪಕ್ಕದಲ್ಲಿ ನಿಂತ.

"ಎಷ್ಟು ಹೊರಗಿದ್ದೆ?"

"ಒಂದು ಗೇಣು," ಎಂದ ಗೋಡೆ.

ಗೆರೆಮಾಮ ಅಳೆಯಲಿಲ್ಲ. ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು ಮನೆಗೆ ಹೊರಟ. ಹಿತ್ತಲಿನಲ್ಲಿ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಈಗ ಅವಳ ಪಾಲಿಗೆ ಬಂದಿದ್ದ ನೀಲಿ ನೈಲಾನ್ ಹಗ್ಗ ಒದ್ದೆ ಬಟ್ಟೆಯ ಭಾರಕ್ಕೆ ಜೋತುಬಿದ್ದು, ಅವನದೇ ಪ್ಯಾಂಟಿನ ತುದಿ ಮಣ್ಣು ಗುಡಿಸುತ್ತಿತ್ತು.

"ನೋಡಿ ನಿಮ್ಮ ಹೊಸ ಹಗ್ಗದ ಚಂದ. ಬೆಳಿಗ್ಗೆ ಬಿಗಿದಿದ್ದು, ಇಷ್ಟರಲ್ಲೇ ಒಂದು ಮೊಳ ಇಳಿದಿದೆ."

"ಎಲ್ಲಿ, ಆ ತುದಿ ಹಿಡ್ಕೊ," ಎಂದು ಗೆರೆಮಾಮ ಅಂಗಿಯ ತೋಳು ಮಡಿಸಿದ.