ಗಂಗವ್ವನ ತಪಾಸಣೆಯಲ್ಲಿ ಕೇಳಿದ ದನಿ

ಕಂಡವರ ಹೇಳಿಕೆ, ಅದನ್ನು ಬೆಂಬಲಿಸುವ ಇನ್ನೊಬ್ಬರ ಹೇಳಿಕೆ ಎರಡೂ ಸಿಗದ ಸುದ್ದಿಯನ್ನು ನಾನು ಬರೆದವನಲ್ಲ. ದೆವ್ವ ಪಿಶಾಚಿಗಳ ಮಾತು ಬಂದರೆ ನಕ್ಕು ತಳ್ಳಿಹಾಕುತ್ತಿದ್ದೆ. ಇದನ್ನು ಓದಿ ನೀವು ನಕ್ಕರೆ ನನ್ನ ತಕರಾರಿಲ್ಲ.

ಸಂಸ್ಥಾನದ ಕಾಲ. ಸಾಂಗ್ಲಿಯಲ್ಲಿ ಒಂದು ವಾರಪತ್ರಿಕೆಗೆ ಬರೆಯುತ್ತಿದ್ದೆ. ಮಿರಜದ ಡಾಕ್ಟರೊಬ್ಬರಿಗೆ ಕನ್ನಡ ಬಾರದು. ತಲೆ ಕೆಟ್ಟಿದೆಯೆಂದು ಕನ್ನಡದವರನ್ನು ಕರೆತಂದಾಗ ನಾನು ಹೋಗಿ ಮರಾಠಿಯಲ್ಲಿ ದುಭಾಷಿಯಾಗುತ್ತಿದ್ದೆ. ಅವರು ಮೊದಲು ಜ್ವರ, ನಾಡಿ ನೋಡುವರು. ಆಮೇಲೆ ಇವತ್ತು ಯಾವ ವಾರ, ಇದು ಯಾವ ಊರು ಎಂದು ಕೇಳುವರು. ಯಾರೂ ಇಲ್ಲದಾಗ ದನಿ ಕೇಳುತ್ತದೆಯೇ ಎಂಬುದು ಕೊನೆಯ ಪ್ರಶ್ನೆ.

ಆ ಮಧ್ಯಾಹ್ನ ಸಾಂಗ್ಲಿಯ ಅರಿಶಿನ ವ್ಯಾಪಾರಿಯ ಮನೆಯ ಸೊಸೆ ಗಂಗವ್ವನನ್ನು ಕರೆತಂದಿದ್ದರು. ಅವಳ ಹಸುಗೂಸನ್ನು ಮನೆಯಲ್ಲೇ ಬಿಡಿಸಿದ್ದರು. ಡಾಕ್ಟರು ಸಹಿ ಹಾಕಿದರೆ ದೂರದ ಹುಚ್ಚಾಸ್ಪತ್ರೆ. ಅಲ್ಲಿಂದ ಮರಳಿದವರನ್ನು ನಾನು ಕಂಡಿರಲಿಲ್ಲ.

“ಸತ್ತ ಅತ್ತಿ ಜೋಡಿ ಮಾತಾಡ್ತಾಳ್ರಿ ಈಕಿ,” ಎಂದ ಅವಳ ಗಂಡನ ಅಣ್ಣ.

“ಬದುಕಿದ್ದಾಗ ಮಾತಾಡಾಕ ನೀವೆಲ್ಲಿ ಬಿಟ್ರಿ, ಭಾವಾರ?” ಎಂದಳು ಗಂಗವ್ವ.

ಮರಾಠಿಯಲ್ಲಿ ಕೇಳಿ ಡಾಕ್ಟರೂ ನಕ್ಕರು. ವಾರ, ಊರು ಎಲ್ಲ ಸರಿಯಾಗಿ ಹೇಳಿದಳು.

ಅತ್ತೆಯ ದನಿ ಈಗ ಏನು ಹೇಳುತ್ತಿದೆ ಎಂದು ಡಾಕ್ಟರು ಕೇಳಿದರು. ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿ, ಎಂದಿನಂತೆ ನೆಲ ನೋಡುತ್ತ ಕಾದೆ. ಉತ್ತರ ಬಂತು, ಕೊಂಚ ಗೊಗ್ಗರು ದನಿಯಲ್ಲಿ: “ಕೂಸಿನ ತಾಯೀನ್ನ ಕಳಸಬ್ಯಾಡ್ರೆಪಾ.” ಮರಾಠಿಯಲ್ಲಿ ಹೇಳಿದೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಅವಳಿನ್ನೂ ಬಾಯಿಯೇ ತೆರೆದಿಲ್ಲ ಎಂದರು.

“ಹೌದ್ರಿ, ಸುಮ್ಮನ ಕುಂತಾಳ,” ಎಂದ ಅವಳ ಭಾವ. ಕೇಳಿದ್ದನ್ನು ಕನ್ನಡದಲ್ಲೇ, ಅದೇ ಧಾಟಿಯಲ್ಲಿ ಹೇಳಿದೆ. ಅವನು ಬೆಚ್ಚಿ ಬಾಗಿಲಿನತ್ತ ಸರಿದ.

ಗಂಗವ್ವ ನನ್ನನ್ನೇ ದಿಟ್ಟಿಸಿದಳು. “ಅಣ್ಣಾರ, ನಿಮಗೂ ಕೇಳಸ್ತೇನ್ರಿ?”

ತೆಳುವಾದ, ಎಳೆಯ ದನಿ. ನಾನು ಕೇಳಿದ್ದು ಅದಲ್ಲ.

ಕೇಳಿತು ಎಂದೆ. ಡಾಕ್ಟರು ಕುರ್ಚಿಯನ್ನು ನನ್ನತ್ತ ಎಳೆದುಕೊಂಡು, ನಾಡಿ ಹಿಡಿದು, ಮೆಲ್ಲಗೆ ಕೇಳಿದರು: ಇವತ್ತು ಯಾವ ವಾರ?

ತಟ್ಟನೆ ಹೊಳೆಯಲಿಲ್ಲ.

ಅವರು ಸಹಿ ಹಾಕಲಿಲ್ಲ. ಗಂಗವ್ವ ಕೂಸಿನ ಬಳಿಗೆ ಹೋದಳು. ಡಾಕ್ಟರು ನನ್ನನ್ನು ದುಭಾಷಿಯಾಗಿ ಮತ್ತೆ ಕರೆಯಲಿಲ್ಲ. ಅವಳ ಮೇಲಿನ ಕನಿಕರವೇ ದನಿಯಾಗಿ ಕೇಳಿತೇ? ಹಾಗಾದರೆ ಆ ಧಾಟಿ ಕೇಳಿ ಅವಳ ಭಾವ ಹೆದರಿದ್ದೇಕೆ? ಗಂಗವ್ವನ ಮಾತು ಬಿಟ್ಟರೆ ಬೆಂಬಲಿಸುವ ಇನ್ನೊಂದು ಹೇಳಿಕೆ ಸಿಕ್ಕಿಲ್ಲ. ಇಂದಿಗೂ ಯಾರಾದರೂ ಮಾತಾಡಿದರೆ, ಉತ್ತರ ಕೊಡುವ ಮೊದಲು ಅವರ ತುಟಿ ನೋಡುತ್ತೇನೆ.