ನುಗ್ಗೆಸೊಪ್ಪಿನ ಮುಂದೆ ಪಾಟೀಸವಾಲು

ಶನಿವಾರ ಮಧ್ಯಾಹ್ನ ವೇಲಚೇರಿಯ ನನ್ನ ಕಚೇರಿಗೆ ಬಂದವರ ಮೂಗಿಗೆ ಮೊದಲು ತಟ್ಟುವುದು ನುಗ್ಗೆಸೊಪ್ಪಿನ ಹಸಿ ವಾಸನೆ. ಕಿರಿಯ ವಕೀಲರು ನನ್ನನ್ನು ಸಾಕ್ಷಿಯೆಂದು ಕೂರಿಸಿ ಪಾಟೀಸವಾಲು ಅಭ್ಯಾಸ ಮಾಡುತ್ತಾರೆ. ನಾನು ಸೊಪ್ಪು ಬಿಡಿಸುತ್ತ ಉತ್ತರಿಸುತ್ತೇನೆ. ಇದೆಂಥ ತರಬೇತಿ ಎಂದು ನೀವು ಕೇಳಬಹುದು. ಒಮ್ಮೆ ನಾನೂ ಕೇಳಿದ್ದೆ, ಸಾಕಷ್ಟು ಖಾರವಾಗಿಯೇ.

ಆಗ ಮೈಸೂರಿನಿಂದ ಚೆನ್ನೈಗೆ ಬಂದು ಎರಡು ವರ್ಷವಾಗಿತ್ತು. ಪ್ರಶ್ನಿಸುವುದನ್ನೇ ಪಾಠವೆಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. ಅನ್ಯಾಯ ಕಂಡ ಕೂಡಲೇ ಅದನ್ನು ಹೆಸರಿಸಿ ಹೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ವಕೀಲರ ತರಬೇತಿ ಎಂದರೆ ತಂಪು ಸಭಾಂಗಣ, ದೀರ್ಘ ಭಾಷಣ, ಕೊನೆಗೊಂದು ಪ್ರಮಾಣಪತ್ರ. ನಮ್ಮ ಬಾಯಿಂದ ಅಲ್ಲಿ ಒಂದು ಪ್ರಶ್ನೆಯನ್ನೂ ಕೇಳಿಸುತ್ತಿರಲಿಲ್ಲ. ಇದೂ ಅನ್ಯಾಯವೇ, ದಾಖಲಿಸಿದ್ದೇನೆ. ನನ್ನ ಸೀನಿಯರ್ ಸುಧಾ ಮೇಡಂ ಮಾತ್ರ ಭಾನುವಾರ ಮೈಲಾಪೂರಿನ ತಮ್ಮ ಮನೆಯಲ್ಲಿ ಅತ್ತಿಗೆ ಪದ್ಮಕ್ಕನನ್ನು ಸಾಕ್ಷಿಯಾಗಿ ಕೂರಿಸಿ ನಮ್ಮನ್ನು ಪಳಗಿಸುತ್ತಿದ್ದರು. ಪದ್ಮಕ್ಕ ಸೊಪ್ಪಿನ ಮೊರದೊಂದಿಗೆ ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದರು.

“ಬಾಯಿ ನೋಡಬೇಡಿ, ಕೈ ನೋಡಿ,” ಎನ್ನುತ್ತಿದ್ದರು ಮೇಡಂ. “ಪ್ರಶ್ನೆ ತಾಗಿದ್ರೆ ಕೈ ನಿಲ್ಲತ್ತೆ.”

ಆ ಭಾನುವಾರ ನನ್ನ ತಲೆಯ ತುಂಬ ಸೆಲ್ವಿಯ ಮೊಕದ್ದಮೆ. ಬೆಸೆಂಟ್ ನಗರದ ಫ್ಲ್ಯಾಟೊಂದರಲ್ಲಿ ಮನೆಗೆಲಸ ಮಾಡುತ್ತಿದ್ದ ಆಕೆಯ ಮೇಲೆ ಚಿನ್ನದ ಬಳೆ ಕದ್ದ ಆರೋಪ. ಅಂದಿನಿಂದ ಯಾವ ಮನೆಯೂ ಅವಳಿಗೆ ಕೆಲಸ ಕೊಟ್ಟಿರಲಿಲ್ಲ. ಮರುದಿನ ಆ ಮನೆಯೊಡತಿಗೆ ನಾನು ಪಾಟೀಸವಾಲು ಹಾಕಬೇಕಿತ್ತು. ಪದ್ಮಕ್ಕನೇ ಒಡತಿಯೆಂದು ಭಾವಿಸಿ ಆರಂಭಿಸಿದೆ:

“ಕೆಲಸದವರಿಗೆ ಲಿಫ್ಟ್ ನಿರಾಕರಿಸಿ, ಬೇರೆ ಲೋಟದಲ್ಲಿ ಕಾಫಿ ಕೊಟ್ಟು, ಏನು ಕಳೆದರೂ ಅವರನ್ನೇ ಶಂಕಿಸುವ ವರ್ಗದ್ವೇಷ ನಿಮ್ಮದು ಎಂದರೆ ಒಪ್ಪುತ್ತೀರಾ?”

ಪದ್ಮಕ್ಕನ ಕೈ ಸರಸರನೆ ನಡೆದೇ ಇತ್ತು. “ಅಯ್ಯೋ, ಅವಳು ನಮ್ಮನೇ ಮಗಳ ಹಾಗೆ ಕಣಮ್ಮಾ. ದೀಪಾವಳಿಗೆ ಸೀರೆ ಕೊಟ್ಟೆನಲ್ಲ!” ಆಮೇಲೆ ನಾದಿನಿಯತ್ತ ತಿರುಗಿ, “ಪಾಪ ಸುಧಾ, ಈ ಪೊಣ್ಣು, ಈ ಹುಡುಗಿ, ಹೊಡೆಯೋಕ್ಮುಂಚೆ ಎಲ್ಲಿ ಹೊಡೀತೀನಿ ಅಂತ ಹೇಳಿಬಿಡತ್ತೆ. ನಾನು ತಪ್ಪಿಸ್ಕೊಳ್ದೆ ಏನ್ಮಾಡ್ಲಿ?” ಎಂದರು.

ಹನ್ನೊಂದು ಪ್ರಶ್ನೆ ಕೇಳಿದೆ. ಸೊಪ್ಪು ಮುಗಿಯುತ್ತ ಬಂತು, ಕೈ ನಿಲ್ಲಲಿಲ್ಲ. ನಾಳೆ ಸೆಲ್ವಿಯ ಗತಿಯೇನು? ನೀರಿಗೆಂದು ಒಳಗೆ ಕಣ್ಣು ಹಾಯಿಸಿದಾಗ ಕಪಾಟಿನಲ್ಲಿ ಲೋಟಗಳ ಹೊಳೆಯುವ ಸಾಲು ಕಂಡಿತು. ದಣಿದ ದನಿಯಲ್ಲೇ ಕೇಳಿದೆ:

“ನಿಮ್ಮ ಕೆಲಸದಾಕೆಯ ಲೋಟ ಎಲ್ಲಿದೆ, ಪದ್ಮಕ್ಕ?”

ಕೈ ನಿಂತಿತು.

“ಹಿಂದುಗಡೆ ಕಿಟಕೀಲಿ,” ಎಂದರು. ಅದೇ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ಮೇಡಂ ಕೂಡ ತಲೆ ತಗ್ಗಿಸಿದರು.

ಮನೆಗೆ ಹೋಗಿ ನನ್ನ ಪ್ರಶ್ನೆಗಳ ಪಟ್ಟಿಯಲ್ಲಿದ್ದ ವಿಶೇಷಣಗಳನ್ನೆಲ್ಲ ಹೊಡೆದುಹಾಕಿದೆ. ಸೋಮವಾರ ಒಡತಿಯನ್ನು ಕೇಳಿದ್ದು ಇಷ್ಟೇ: ಬಳೆಯನ್ನು ಕೊನೆಯ ಸಲ ಕಣ್ಣಾರೆ ಕಂಡದ್ದು ಯಾವಾಗ? ಕೈಚೀಲದ ಪಟ್ಟಿಯನ್ನು ತಿರುಚುತ್ತಿದ್ದ ಅವರ ಬೆರಳು ನಿಂತಿತು. ಅಣ್ಣನ ಮಗಳ ಮದುವೆಯಲ್ಲಿ ಎಂದರು. ಸೆಲ್ವಿ ಆ ಮನೆಗೆ ಕೆಲಸಕ್ಕೆ ಸೇರಿದ್ದು ಆ ಮದುವೆಯಾಗಿ ಎರಡು ತಿಂಗಳ ನಂತರ. ನಾನು ಸುಮ್ಮನೆ ಕುಳಿತುಕೊಂಡೆ. ನನ್ನ ಮಟ್ಟಿಗೆ ಅದು ಸಾಹಸವೇ. ಲಿಫ್ಟು, ಲೋಟಗಳ ವಿಚಾರವನ್ನು ಅಂತಿಮ ವಾದಕ್ಕೆ ಉಳಿಸಿಕೊಂಡು, ಅಲ್ಲಿ ಒಂದನ್ನೂ ಬಿಡದೆ ಹೇಳಿದೆ. ಸೆಲ್ವಿ ಬಿಡುಗಡೆಯಾದಳು. ತೀರ್ಪು ಬರುವ ಮೊದಲೇ ಪದ್ಮಕ್ಕನ ಕಪಾಟಿನ ಸಾಲಿಗೆ ಇನ್ನೊಂದು ಲೋಟ ಸೇರಿತ್ತು.

ಈ ಶನಿವಾರ, ಮೂರು ತಿಂಗಳ ಹಿಂದೆ ಸೇರಿದ ಕಾರ್ತಿಕಾ ಟಿಪ್ಪಣಿ ಪುಸ್ತಕ ಮುಚ್ಚಿಟ್ಟು ಮೆಲ್ಲಗೆ ಕೇಳಿದಳು:

“ಮೇಡಂ, ಈ ರೂಮಲ್ಲಿ ಎಷ್ಟು ಕುರ್ಚಿ ಇವೆ?”

ನನ್ನದನ್ನು ಬಿಟ್ಟರೆ ಐದು. ಕಿರಿಯರು ಆರು ಮಂದಿ. ದೂರದಿಂದ ರೈಲಿನಲ್ಲಿ ಬಂದು ಎಲ್ಲರಿಗಿಂತ ಕಡೆಗೆ ತಲುಪುವ ಶಾಂತಿ, ಎಂದಿನಂತೆ ಕಿಟಕಿಗೆ ಒರಗಿ ನಿಂತಿದ್ದಳು. ಎಷ್ಟು ಶನಿವಾರಗಳಿಂದಲೋ.

ಸೊಪ್ಪು ಬಿಡಿಸುತ್ತಿದ್ದ ನನ್ನ ಕೈ ನಿಂತಿತು. ಆರು ಜೋಡಿ ಕಣ್ಣುಗಳೂ ಅದನ್ನು ನೋಡಿದವು. ನಾಚಿಕೆಯಾಯಿತು, ಅದರ ಬೆನ್ನಿಗೇ, ಹೇಳಲಾರದಷ್ಟು ಸಂತೋಷವೂ ಆಯಿತು. ಎದ್ದು ನನ್ನ ಕುರ್ಚಿಯನ್ನು ಶಾಂತಿಯ ಕಡೆಗೆ ಸರಿಸಿದೆ. ಮೊರ ಹಿಡಿದು ನೆಲದ ಮೇಲೆ ಕುಳಿತೆ.

“ಮುಂದಿನ ಪ್ರಶ್ನೆ?” ಎಂದೆ.